ದೇವಕಣಗಿಲೆಗೂ ದಾಸವಾಳಕ್ಕೂ ಒಂದೇ ಕೊಡೆ

ಪಾಕ್ ಗುನಾದಿಯವರಿಗೆ ದೇವಕಣಗಿಲೆಯ ಹುಚ್ಚು ಹಿಡಿದದ್ದು ಒಂದು ದೊಡ್ಡ ಹೋಟೆಲಿನಲ್ಲಿ. ಅವರೇನೂ ಸ್ವಂತ ಖರ್ಚಿನಲ್ಲಿ ಅಲ್ಲಿಗೆ ಹೋದವರಲ್ಲ. ಅವರು ಜಾವಾದ ಜೋಗ್ಜಾ ಊರಿನ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ನಮ್ಮಲ್ಲಿ ಮರ್ಯಾದೆಗೆ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುತ್ತಾರೆ. ದೊಡ್ಡ ಸಾಹೇಬರು ನಿವೃತ್ತರಾದ ಸಂತೋಷಕ್ಕೆ ಇಲಾಖೆಯವರೆಲ್ಲ ಸೇರಿ ಅಲ್ಲಿ ಊಟ ಇಟ್ಟುಕೊಂಡಿದ್ದರು. ಕೈ ತೊಳೆಯುವ ಜಾಗ ಹುಡುಕಿಕೊಂಡು ಹೋದ ಗುನಾದಿಯವರು ದಾರಿ ತಪ್ಪಿ ಈಜುಕೊಳದ ಬಳಿ ಬಂದರು. ಅಲ್ಲೊಂದು ದೇವಕಣಗಿಲೆ ಮರ. ಬುಡಕ್ಕೆ ದೀಪ, ತಲೆತುಂಬ ಬಿಳಿ ಹೂ, ನೀರಿನ ಮೇಲೆ ತೇಲುವ ಇನ್ನಷ್ಟು ಹೂ. ಕೆಳಗೆ ಉದ್ದ ಕುರ್ಚಿಯಲ್ಲಿ ಒಬ್ಬ ವಿದೇಶಿ ಮಹಾಶಯ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ. ಆ ಮುಖದಲ್ಲಿದ್ದ ನೆಮ್ಮದಿಯನ್ನು ನೋಡಿ ಗುನಾದಿಯವರು ಎಂಜಲು ಕೈಯಲ್ಲೇ ನಿಂತುಬಿಟ್ಟರು. ತನ್ನ ಮನೆಯ ಮುಂದೆಯೂ ಇಂಥದ್ದೊಂದು ಮರ ಬೇಕು ಎಂದು ಅಲ್ಲೇ ತೀರ್ಮಾನವಾಯಿತು.

ತೀರ್ಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಮುಂದಿನ ಭಾನುವಾರ ಮಗಳು ಪಾಲುಪಿಯನ್ನು ಕೇಳಲು ಮಗೆಲಾಂಗಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹುಡುಗನ ತಂದೆ ಪಾಕ್ ಮುರ್ಯಾಂತೊ ಹೈಸ್ಕೂಲಿನ ಹೆಡ್‌ಮಾಸ್ತರು. ಅಂಥವರು ಬಂದು ನೋಡಬೇಕಾದ ಗುನಾದಿಯವರ ಅಂಗಳದಲ್ಲಿ ಇದ್ದದ್ದು ಒಂದು ಕೋಳಿಗೂಡು, ಒಂದು ಹಳೆಯ ಸ್ಕೂಟರು ಮತ್ತು ಆ ಸ್ಕೂಟರಿನಿಂದ ಸೋರಿದ ಎಣ್ಣೆ.

“ಮರ ನೆಡ್ತೀನಿ,” ಅಂದರು ಮನೆಗೆ ಬಂದವರೇ, ಶೂ ಕೂಡ ಬಿಚ್ಚದೆ.

“ಯಾವ ಮರ?” ಹೆಂಡತಿ ಬು ವುರ್ಯಾನಿ ಅಡಿಗೆಮನೆಯಲ್ಲಿ ಸೋಯಾಕಾಳಿನ ತೆಂಪೆ ಹೆಚ್ಚುತ್ತಿದ್ದರು.

“ದೇವಕಣಗಿಲೆ.”

ಚಾಕು ಅರ್ಧಕ್ಕೇ ನಿಂತಿತು. “ಗೋರಿ ಮರನಾ?”

“ಹೋಟೆಲ್ ಮರ.”

“ಹೋಟೆಲಲ್ಲಿ ಎಷ್ಟಿವೆಯೋ ನಾ ಕಾಣೆ. ನಮ್ಮ ಖಬರಸ್ತಾನದಲ್ಲಿ ಅದು ಬಿಟ್ಟು ಬೇರೆ ಮರನೇ ಇಲ್ಲ. ಸುಮ್ನೆ ದಾಸವಾಳ ಹಾಕಿ. ದಿನಾ ಹೂ ಬಿಡುತ್ತೆ, ಬೇಲಿಯೂ ಆಗುತ್ತೆ, ಎಲೆ ತಲೆಗೆ ಹಚ್ಕೋಬಹುದು.”

“ಅದು ಗಿಡ.”

“ಗಿಡ ಆದ್ರೇನೀಗ?”

“ಗಿಡದ ಕೆಳಗೆ ಕುರ್ಚಿ ಹಾಕಿ ಬೀಗರನ್ನ ಕೂರಿಸೋಕಾಗುತ್ತಾ? ಮರ ಅಂದ್ರೆ ಒಂದು ಅಂತಸ್ತು. ನಿನ್ನ ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡ್ಕೊಂಡು ಹೋಗುತ್ತೆ, ನಮ್ಮ ಆಫೀಸಿನ ಗುಮಾಸ್ತರ ಥರ.”

“ಗುಮಾಸ್ತರು ಬೆಳಿಗ್ಗೆನಾದ್ರೂ ಬರ್ತಾರಲ್ಲ! ನಿಮ್ಮ ಮರ ಅರ್ಧ ವರ್ಷ ಎಲೆ ಉದುರಿಸ್ಕೊಂಡು ಜಿಂಕೆ ಕೊಂಬಿನ ಥರ ನಿಂತಿರುತ್ತೆ. ಭಾನುವಾರದೊಳಗೆ ನೆರಳು ಕೊಡುತ್ತಾ ಅದು?”

 ಗುನಾದಿಯವರು ಶೂ ಬಿಚ್ಚುವಷ್ಟರಲ್ಲಿ ಒಳಕೋಣೆಯಿಂದ ಎಂಬಾ ರೆಬಿ ಹೊರಗೆ ಬಂದರು. ಎಂಬಾ ಅಂದರೆ ಅಜ್ಜಿ. ಅವರು ಗುನಾದಿಯವರಿಗೆ ಅತ್ತೆ, ಓಣಿಗೆಲ್ಲ ಎಂಬಾ. ಆ ಮನೆಯ ಸಕ್ಕರೆ ಡಬ್ಬಿಯ ಅಧಿಕಾರ ಇದ್ದದ್ದು ಅವರ ಕೈಯಲ್ಲಿ. ಅಳಿಯನ ಕಾಫಿಗೆ ಸಕ್ಕರೆ ಹಾಕುವಾಗ ಚಮಚದ ಮೇಲೆ ಬೆರಳು ಸವರಿ ಮಟ್ಟಸ ಮಾಡಿ, “ಅಳತೆ ಸಾಹೇಬರಿಗೆ ಅಳತೆ ಸಕ್ಕರೆ,” ಎನ್ನುವುದು ಅವರ ದಿನನಿತ್ಯದ ವಿನೋದ. ಗುನಾದಿಯವರು ಅದನ್ನು ಮದುವೆಯಾದಾಗಿನಿಂದ ನುಂಗಿಕೊಂಡು ಬಂದಿದ್ದರು. ಇನ್ನೊಂದು ಮಾತು ಎಂಬಾ ಸದಾ ಹೇಳುತ್ತಿದ್ದರು, ಅದೂ ಹೆಂಗಸರ ಚೀಟಿ ಕೂಟದಲ್ಲಿ ಎಲ್ಲರ ಕಿವಿಗೂ ಬೀಳುವಂತೆ: “ನಾನು ಸತ್ರೆ ಆ ಇಕ್ಕಟ್ಟಿನ ಖಬರಸ್ತಾನಕ್ಕೆ ಒಯ್ಯಬೇಡಿ. ಮನೆ ಅಂಗಳದಲ್ಲೇ ಮಲಗಿಸಿ. ಯಾರು ಬಂದ್ರು, ಏನು ತಂದ್ರು, ನಾನು ನೋಡ್ತಿರಬೇಕು.”

“ಅಂಗಳಕ್ಕೆ ಗೋರಿ ಮರವಂತೆ,” ಅಂದರು ಎಂಬಾ, ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ. “ಅಳಿಯಂದಿರಿಗೆ ನನ್ನ ಮೇಲೆ ಅಷ್ಟು ಅವಸರವಾ?”

“ಅಮ್ಮಾ, ಆ ಮರದ ಕೆಳಗೆ ಮಲಗೋಕೆ ಜನ ದುಡ್ಡು ಕೊಡ್ತಾರೆ!”

“ನಮ್ಮೂರಲ್ಲಿ ಪುಕ್ಕಟೆ ಮಲಗ್ತಾರೆ. ಆಮೇಲೆ ಏಳಲ್ಲ, ಅಷ್ಟೇ ವ್ಯತ್ಯಾಸ.”

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಗುನಾದಿಯವರು ಅಧಿಕಾರಿಯ ಗತ್ತಿನಲ್ಲಿ, ಎರಡನ್ನೂ ನೆಟ್ಟು ನ್ಯಾಯವಾಗಿ ಪರೀಕ್ಷೆ ಮಾಡುವುದಾಗಿ ಘೋಷಿಸಿದರು. ಎಂಬಾ ಕೂಡ ಒಂದು ಘೋಷಣೆ ಮಾಡಿದರು. “ಆ ಕೋಲು ಇರೋ ಅಂಗಳದಲ್ಲಿ ನಾನಿರಲ್ಲ.” ಸೋಮವಾರ ಓಣಿಯ ಕೋಳಿಗಳು ಏಳುವ ಮೊದಲೇ ಬಟ್ಟೆಗಂಟು ಕಟ್ಟಿಕೊಂಡು, ಸೈಕಲ್ ರಿಕ್ಷಾ ಹತ್ತಿ, ಮೊದಲ ರೈಲಿಗೆ ಕ್ಲಾಟೆನಿನ ಕಿರಿಮಗಳ ಮನೆಗೆ ಹೊರಟುಹೋದರು. ಎದುರುಮನೆಯ ಬು ಆರ್‌ಟಿ, ಅಂದರೆ ಓಣಿಯ ಮುಖ್ಯಸ್ಥ ಪಾಕ್ ಆರ್‌ಟಿಯವರ ಧರ್ಮಪತ್ನಿ, ಎಲ್ಲವನ್ನೂ ಕಿಟಕಿಯಿಂದ ನೋಡುವವರು. ಆದರೆ ಆ ಒಂದು ಗಳಿಗೆಯಲ್ಲಿ ಮಾತ್ರ ಅವರಿಗೆ ನಿದ್ದೆ ಹತ್ತಿತ್ತು. ಮುಂದಿನ ಅನಾಹುತಕ್ಕೆಲ್ಲ ಆ ನಿದ್ದೆಯೇ ಮೂಲ.

ಬು ಆರ್‌ಟಿಯವರಿಗೆ ಎಚ್ಚರವಾಗಿ ಕಿಟಕಿಗೆ ಬಂದಾಗ ಕಂಡದ್ದು, ಖಬರಸ್ತಾನದ ಕಡೆಯಿಂದ ಗುದ್ದಲಿ ಹೆಗಲಿಗಿಟ್ಟುಕೊಂಡು ಮೈಯೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದ ಪಾಕ್ ಗುನಾದಿ. ಪಾಪ, ದೇವಕಣಗಿಲೆಯ ಕೊಂಬೆ ಓಣಿಯಲ್ಲಿ ಇನ್ನೆಲ್ಲೂ ಸಿಗದ ಕಾರಣ ಅವರು ಅಲ್ಲಿಂದಲೇ ಒಂದನ್ನು ಗುದ್ದಲಿಯಲ್ಲೇ ಕಡಿದು, ಮಣ್ಣಲ್ಲಿ ಜಾರಿ ಬಿದ್ದು, ತಂದಿದ್ದರು. ದಾಸವಾಳದ ಕೊಂಬೆಯನ್ನು ಹಿಂದಿನ ದಿನವೇ ಬು ಆರ್‌ಟಿಯವರ ಬೇಲಿಯಿಂದ ಮುರಿದುಕೊಂಡಿದ್ದರು.

ಇನ್ನು ಪರೀಕ್ಷೆಯ ವಿಚಾರ. ಸಂತೆಯ ತಕ್ಕಡಿಗಳಲ್ಲಿ ಕೂದಲೆಳೆಯ ಮೋಸವನ್ನೂ ಹಿಡಿಯುವ ಮನುಷ್ಯ ಸ್ವಂತ ಅಂಗಳದಲ್ಲಿ ಪಕ್ಷಪಾತ ಮಾಡುವುದುಂಟೆ? ದೇವಕಣಗಿಲೆಯ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಆದ್ದರಿಂದ ಮಣ್ಣನ್ನು ಉದ್ದಕ್ಕೆ ದಿಬ್ಬದಂತೆ ಏರಿಸಿದರು. ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ಇಬ್ಬರಿಗೂ ಸಮನಾಗಿ ಸಿಗಲೆಂದು ದಿಬ್ಬವನ್ನು ಉತ್ತರ ದಕ್ಷಿಣವಾಗಿ ಹಾಕಿದರು. ಉತ್ತರದ ತುದಿಗೆ ಮರದ ಕೊಂಬೆ, ದಕ್ಷಿಣದ ತುದಿಗೆ ಗಿಡದ ಕೊಂಬೆ. ಯಾವುದು ಎಷ್ಟು ಬೆಳೆಯಿತೆಂದು ಅಳೆಯಲು ಎರಡು ತುದಿಗೂ ಬಿಳಿ ಬಣ್ಣದ ಒಂದೊಂದು ಹಲಗೆ ನೆಟ್ಟರು. ಮಧ್ಯಾಹ್ನದ ಬಿಸಿಲಿಗೆ ಬಾಡಬಾರದೆಂದು ನಡುವೆ ಕಪ್ಪು ಕೊಡೆಯೊಂದನ್ನು ಊರಿದರು. ನೀರು ಹೆಚ್ಚುಕಡಿಮೆಯಾಗದಂತೆ ಮಣ್ಣಿನ ಹೂಜಿಯಲ್ಲಿ ಅಳೆದು ಸುರಿದರು. ಗೊಬ್ಬರವಾಗಲಿ ಎಂದು ಗುಲಾಬಿ ಎಸಳುಗಳನ್ನು ಮೇಲೆಲ್ಲ ಉದುರಿಸಿದರು. ಗಿಡಮರಗಳ ಜೊತೆ ಮಾತಾಡಿದರೆ ಬೇಗ ಚಿಗುರುತ್ತವೆ ಎಂದು ಎಲ್ಲೋ ಕೇಳಿದ್ದರಿಂದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಇಬ್ಬರಿಗೂ ಸಮನಾಗಿ ಪಿಸುಗುಟ್ಟಿದರು.

ನಮ್ಮ ಕಡೆ ಹಲಗೆ, ಕೊಡೆ, ಹೂಜಿ, ಎಸಳು ಎಲ್ಲ ಇರುವ ಇಂಥ ದಿಬ್ಬ ಹೊಸ ಗೋರಿ ಎಂದು ಚಿಕ್ಕ ಮಗುವನ್ನು ಕೇಳಿದರೂ ಹೇಳುತ್ತದೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಮಾತ್ರ ಅದು ಹೊಳೆಯಲಿಲ್ಲ.

ಬು ಆರ್‌ಟಿ ಕಿಟಕಿಯ ಸರಳು ಬಿಟ್ಟು ಬೀದಿಗಿಳಿದರು. ಅಷ್ಟರಲ್ಲಿ ಗುನಾದಿಯವರಿಗೆ ದೇವಕಣಗಿಲೆಯ ಹಾಲು ಕಣ್ಣಿಗೆ ತಾಗಿ, ಎರಡು ಕಣ್ಣೂ ಕೆಂಡದಂತಾಗಿ, ನೀರು ಧಾರಾಕಾರ ಸುರಿಯುತ್ತಿತ್ತು.

“ಪಾಕ್ ಗುನ್...” ಬು ಆರ್‌ಟಿಯವರ ದನಿ ಅರ್ಧಕ್ಕಿಳಿಯಿತು. “ಎಂಬಾ ಎಲ್ಲಿ? ಬೆಳಿಗ್ಗೆಯಿಂದ ಕೆಮ್ಮಿದ ಸದ್ದೇ ಇಲ್ಲ?”

 ಮಗಳ ನಿಶ್ಚಯದ ವಾರದಲ್ಲೇ ಅತ್ತೆ ಜಗಳವಾಡಿ ಮನೆ ಬಿಟ್ಟರು ಎಂಬುದು ಬು ಆರ್‌ಟಿಯವರ ಕಿವಿಗೆ ಬಿದ್ದರೆ ಸಂಜೆಯೊಳಗೆ ಮಗೆಲಾಂಗಿಗೂ ಮುಟ್ಟುತ್ತದೆ. ಹೆಡ್‌ಮಾಸ್ತರು ಏನೆಂದುಕೊಂಡಾರು? ಗುನಾದಿಯವರು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

“ಬು, ಅವರ ವಿಷಯ ಈಗ ಕೇಳ್ಬೇಡಿ.”

ಬು ಆರ್‌ಟಿ ದಿಬ್ಬವನ್ನು ನೋಡಿದರು, ಕೊಡೆಯನ್ನು ನೋಡಿದರು, ಹಲಗೆಗಳನ್ನು ನೋಡಿದರು. ಬಾಗಿಲಲ್ಲಿ ಬು ವುರ್ಯಾನಿ ತಾಯಿಯನ್ನು ನೆನೆದು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಿದ್ದುದನ್ನೂ ನೋಡಿದರು. ಅವರಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ.

ಬೇರೆ ಊರಾಗಿದ್ದರೆ ಯಾರಾದರೊಬ್ಬರು ನೆಟ್ಟಗೆ ಬಂದು, ನಿಮ್ಮತ್ತೆ ಸತ್ತರಾ ಎಂದು ಕೇಳಿ ವಿಷಯ ಮುಗಿಸುತ್ತಿದ್ದರು. ಜಾವಾದ ಮರ್ಯಾದಸ್ಥ ಮಂದಿಗೆ ಹಾಗೆ ಕೇಳುವುದೆಂದರೆ ಜನರ ಎದುರು ಪಂಚೆ ಬಿಚ್ಚಿದಂತೆ. ಇಡೀ ಓಣಿ ಗುನಾದಿಯವರನ್ನು ಬಿಟ್ಟು ಮಿಕ್ಕೆಲ್ಲರ ಜೊತೆ ಈ ವಿಷಯ ಮಾತಾಡಿತು. ಎಂಬಾಗೆ ಅಂಗಳದಲ್ಲೇ ಮಲಗುವ ಆಸೆಯಿತ್ತಲ್ಲ, ಅಳಿಯ ನಡೆಸಿಕೊಟ್ಟ ಎಂದು ಹೆಂಗಸರು ಕಣ್ಣೀರು ಹಾಕಿದರು. ಮಗನಿದ್ದರೂ ಹೀಗೆ ಮಾಡುತ್ತಿರಲಿಲ್ಲ ಎಂದರು. ಅದುವರೆಗೆ ಜಿಪುಣನೆಂದು ಹೆಸರಾಗಿದ್ದ ಗುನಾದಿಯವರ ಬೆಲೆ ಒಂದೇ ದಿನದಲ್ಲಿ ಏರಿಬಿಟ್ಟಿತು.

ನಿದ್ದೆಗೆಟ್ಟವರು ಇಬ್ಬರು. ಒಬ್ಬರು ಪಾಕ್ ಆರ್‌ಟಿ. ಅವರ ಓಣಿಯಲ್ಲಿ ಅವರ ಮೊಹರಿಲ್ಲದೆ ಒಂದು ಸಾವು ಆಗಿಹೋಗಿತ್ತು. ಇನ್ನೊಬ್ಬರು ಮಸೀದಿಯ ಮೋದಿನ್ ಪಾಕ್ ಜಜುಲಿ. ಓಣಿಯಲ್ಲಿ ಯಾರು ತೀರಿಕೊಂಡರೂ ಮೀಯಿಸಿ, ಬಟ್ಟೆ ಸುತ್ತಿಸಿ, ಪ್ರಾರ್ಥನೆ ಓದಿ ಕಳಿಸಿಕೊಡುವುದು ಅವರ ಹಕ್ಕು. ಬುಧವಾರ ಸಂಜೆ ಇಬ್ಬರೂ ಜೊತೆಯಾಗಿ ಬಂದು ಗುನಾದಿಯವರ ಜಗಲಿಯಲ್ಲಿ ಕೂತರು. ಚಹಾ ಬಂತು. ಮಳೆ ಬರಬಹುದು ಎಂದರು ಪಾಕ್ ಆರ್‌ಟಿ. ಬರದೆಯೂ ಇರಬಹುದು ಎಂದರು ಮೋದಿನ್. ಹೀಗೆ ಒಂದು ಚಹಾ ಮುಗಿಯಿತು.

“ಇದನ್ನೆಲ್ಲ...” ಪಾಕ್ ಆರ್‌ಟಿ ಗದ್ದದಿಂದ ದಿಬ್ಬದ ಕಡೆ ತೋರಿಸಿದರು. “ನೀವೊಬ್ಬರೇ ಮಾಡಿದ್ರಾ ಪಾಕ್ ಗುನ್?”

ಎರಡು ದಿನದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದ ಗುನಾದಿಯವರ ಮುಖ ಅರಳಿತು. “ಒಬ್ಬನೇ ಪಾಕ್. ಬೆಳಗಾಗೋದ್ರೊಳಗೆ ಶುರು ಮಾಡಿದೆ, ತಿಂಡಿ ಹೊತ್ತಿಗೆ ಮುಗೀತು. ಸ್ನಾನ ಮಾಡಿ ಆಫೀಸಿಗೆ ಹೋದೆ.”

“ಆಫೀಸಿಗೆ?” ಪಾಕ್ ಆರ್‌ಟಿ ಲೋಟ ಕೆಳಗಿಟ್ಟರು.

“ನನಗೊಂದು ಮಾತು ಹೇಳಬಹುದಿತ್ತು,” ಅಂದರು ಮೋದಿನ್.

“ನಿಮಗೂ ಇದರಲ್ಲಿ ಆಸಕ್ತಿ ಇದೆ ಅಂತ ಗೊತ್ತಿರಲಿಲ್ಲ, ಪಾಕ್ ಮೋದಿನ್!”

“ಆಸಕ್ತಿ! ಈ ಓಣಿಯ ಪ್ರತಿಯೊಂದು ಮನೆದೂ ನನ್ನ ಕೈಯಲ್ಲೇ ಆಗಿರೋದು!”

“ಹೌದಾ? ಅದಕ್ಕೇ ಎಲ್ಲರ ಮನೆದೂ ಅಷ್ಟು ಸೊಗಸಾಗಿದೆ,” ಎಂದು ಗುನಾದಿಯವರು ಮನಸಾರೆ ಮೆಚ್ಚಿದರು.

 ಪಾಕ್ ಆರ್‌ಟಿ ಅಧಿಕಾರದ ದೃಷ್ಟಿಯಿಂದ ಕೇಳಲೇಬೇಕಾದದ್ದನ್ನು ಕೇಳಿದರು. “ಆಳ ಎಷ್ಟು ತೋಡಿದ್ರಿ?”

“ಒಂದು ಮೊಳ. ಜಾಸ್ತಿ ಆಳ ಹೋದ್ರೆ ಕೊಳೆಯುತ್ತೆ ಪಾಕ್.”

“ಯಾ ಅಲ್ಲಾಹ್,” ಎಂದರು ಮೋದಿನ್.

“ಸ್ವಲ್ಪ ದಿನ ಅಲುಗಾಡಿಸಬಾರದು, ಅಷ್ಟೇ. ಇಲ್ಲಿ ಚೆನ್ನಾಗಿ ಕಾಣದೇ ಇದ್ರೆ ಆಮೇಲೆ ಕಿತ್ತು ಹಿತ್ತಲಿಗೆ ಹಾಕ್ತೀನಿ. ಕೋಳಿಗೂಡಿನ ಪಕ್ಕ ಜಾಗ ಇದೆ.”

ಪಾಕ್ ಆರ್‌ಟಿ ಎದ್ದು ನಿಂತರು. ದುಃಖ ತಲೆಗೇರಿದೆ, ಇನ್ನು ಕೆದಕಬಾರದು ಎಂದು ಮೋದಿನ್‌ಗೆ ಕಣ್ಸನ್ನೆ ಮಾಡಿದರು. ಬೀಳ್ಕೊಡುವಾಗ ಗುನಾದಿಯವರು ಇಬ್ಬರ ಕೈಯನ್ನೂ ಹಿಡಿದುಕೊಂಡು, “ಭಾನುವಾರ ನಾಲ್ಕು ಜನ ಬರ್ತಾರೆ. ಚಿಕ್ಕದಾಗಿ ಮಾಡ್ತಿದೀವಿ, ಗದ್ದಲ ಇಲ್ಲ. ನೀವೂ ಬಂದು ಒಂದು ದುವಾ ಓದಿದ್ರೆ ಮನಸ್ಸಿಗೆ ಸಮಾಧಾನ,” ಎಂದರು. ಮೋದಿನ್ ಬೆರಳು ಮಡಚಿ ಲೆಕ್ಕ ಹಾಕಿದರು. ಭಾನುವಾರಕ್ಕೆ ಸರಿಯಾಗಿ ಏಳನೆಯ ದಿನ, ತೀರಿಕೊಂಡವರಿಗೆ ದುವಾ ಓದಿಸುವ ದಿನ. ಅಷ್ಟರಮಟ್ಟಿಗೆ ಪದ್ಧತಿ ಉಳಿಸಿಕೊಂಡಿದ್ದಾನಲ್ಲ ಎಂದು ಅವರ ಕೋಪ ಅರ್ಧ ಇಳಿಯಿತು.

ಗುರುವಾರದಿಂದ ಮನೆಗೆ ಅಕ್ಕಿ ಬರತೊಡಗಿತು, ಸಕ್ಕರೆ ಬಂತು, ಚಹಾಪುಡಿ ಬಂತು. ನಮ್ಮಲ್ಲಿ ಮದುವೆ ಮನೆಗೂ ಸಾವಿನ ಮನೆಗೂ ಹೆಂಗಸರು ಒಯ್ಯುವುದು ಈ ಮೂರನ್ನೇ. ಒಯ್ಯುವವರ ಮುಖದಲ್ಲಿ ಮಾತ್ರ ವ್ಯತ್ಯಾಸ. ಆ ಮುಖಗಳನ್ನು ನೋಡಿ ಬು ವುರ್ಯಾನಿ, ಪಾಲುಪಿಯನ್ನು ಬೇರೆ ಊರಿಗೆ ಕೊಡುವ ಸಂಕಟ ಇವರಿಗೂ ತಟ್ಟಿದೆ ಎಂದುಕೊಂಡರು.

“ಗಟ್ಟಿ ಮನಸ್ಸು ಮಾಡ್ಕೊಳ್ಳಿ ಬು,” ಎಂದು ಒಬ್ಬಾಕೆ ತಬ್ಬಿಕೊಂಡರು.

“ಏನ್ಮಾಡೋದು. ಇವತ್ತಲ್ಲ ನಾಳೆ ಕಳಿಸಿಕೊಡಲೇಬೇಕಲ್ವಾ,” ಎಂದು ಬು ವುರ್ಯಾನಿಯೂ ಅತ್ತರು.

ಶನಿವಾರ ಪಾಕ್ ಆರ್‌ಟಿ ಓಣಿಯ ಶಾಮಿಯಾನವನ್ನೂ ಕುರ್ಚಿಗಳನ್ನೂ ತಾವೇ ಮುಂದೆ ನಿಂತು ಹಾಕಿಸಿದರು. ಅಲ್ಲಿಯವರೆಗೆ ಅದರ ಬಾಡಿಗೆಗೆ ಚೌಕಾಸಿ ಮಾಡದೆ ಬಿಟ್ಟವರಲ್ಲ. ಗುನಾದಿಯವರು ಹೆಂಡತಿಯನ್ನು ಬಾಗಿಲಿಗೆ ಕರೆದರು. “ನೋಡಿದ್ಯಾ ಬು? ಒಂದು ಮರ ನೆಟ್ಟಿದ್ದಕ್ಕೆ ಓಣಿಯವರು ನಮ್ಮನ್ನ ನೋಡೋ ರೀತಿನೇ ಬದಲಾಗಿದೆ!” ಸೆಮರಾಂಗಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಪಾಲುಪಿ ಆ ಸಂಜೆ ಮನೆಗೆ ಬಂದಳು. ಎಂಬಾ ಇಲ್ಲವೆಂದು ತಿಳಿದು ಮುಖ ಸಪ್ಪೆ ಮಾಡಿಕೊಂಡಳು.

“ಎಂಬಾ ಇಲ್ದೆ ನಾನು ಬೀಗರ ತಟ್ಟೆ ಮುಟ್ಟಲ್ಲ ಅಪ್ಪ. ನಿಮಗೆ ಮರ ಬೇಕಾ, ಅಳಿಯ ಬೇಕಾ?”

ಗುನಾದಿಯವರಿಗೆ ಎರಡೂ ಬೇಕಾಗಿತ್ತು. ಆದರೆ ಅತ್ತೆಗೆ ಫೋನು ಮಾಡಿ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಅಂಗಳಕ್ಕೆ ಹೋಗಿ ಕೊಡೆ ಸರಿಪಡಿಸಿ ಬಂದರು.

ಭಾನುವಾರ ಬೆಳಿಗ್ಗೆ ಗಂಡಿನ ಕಡೆಯವರ ವ್ಯಾನು ಓಣಿಯ ತಿರುವಿನಲ್ಲಿ ನಿಂತಿತು. ಪಾಕ್ ಮುರ್ಯಾಂತೊ ತಲೆ ಹೊರಗೆ ಹಾಕಿ, ಪಾಕ್ ಗುನಾದಿಯವರ ಮನೆ ಯಾವುದೆಂದು ತಳ್ಳುಗಾಡಿಯವನನ್ನು ಕೇಳಿದರು.

“ಸಾವಾದ ಮನೆ ತಾನೆ? ನೆಟ್ಟಗೆ ಹೋಗಿ, ಶಾಮಿಯಾನ ಕಾಣುತ್ತೆ. ಪಾಪ, ಎಂಬಾ ಒಳ್ಳೇ ಹೆಂಗಸು. ಬಾಯಿ ಒಂದು ಬಿಟ್ರೆ.”

 ವ್ಯಾನಿನೊಳಗೆ ಮುರ್ಯಾಂತೊ ಅವರ ಹೆಂಡತಿಯ ತೊಡೆಯ ಮೇಲೆ ಅಂಟಕ್ಕಿ ಮತ್ತು ಬೆಲ್ಲದ ವಾಜಿಕ್ ತುಂಬಿದ ತಟ್ಟೆ ಇತ್ತು. ಗಂಡುಹೆಣ್ಣು ಹಾಗೆ ಅಂಟಿಕೊಂಡಿರಲಿ ಎಂದು ಒಯ್ಯುವ ಸಿಹಿ ಅದು, ಮೇಲೆ ಕೆಂಪು ಕಾಗದ ಬೇರೆ. ಅಜ್ಜಿ ಸತ್ತ ಮನೆಯಲ್ಲಿ ಆ ವರ್ಷ ಮದುವೆಯ ಮಾತೆತ್ತುವ ಹಾಗಿಲ್ಲ.

“ತಿರುಗಿಸಿಬಿಡೋಣ್ವಾ?” ಎಂದು ಹೆಂಡತಿ ಕೇಳಿದರು. ಹಿಂದಿನ ಸೀಟಿನಲ್ಲಿ ಹುಡುಗ ಅಳುವುದೊಂದು ಬಾಕಿ.

ಪಾಕ್ ಮುರ್ಯಾಂತೊ ಕನ್ನಡಕ ಒರೆಸಿಕೊಂಡರು. “ಸಾವಿನ ಮನೆ ಬಾಗಿಲತನಕ ಬಂದು ವಾಪಸ್ ಹೋಗೋದಾ? ನಡೀರಿ. ತಟ್ಟೆಗೆ ಬಟ್ಟೆ ಮುಚ್ಚು.”

ಅವರು ಒಳಗೆ ಬಂದಾಗ ಚಾಪೆಯ ಮೇಲೆ ಓಣಿಯ ಗಂಡಸರೆಲ್ಲ ಕಪ್ಪು ಟೋಪಿ ಹಾಕಿಕೊಂಡು, ಮುಖ ಇಳಿಬಿಟ್ಟು ಕೂತಿದ್ದರು. ಬು ಆರ್‌ಟಿ ದೊಡ್ಡ ಬುಟ್ಟಿಯಲ್ಲಿ ಆಪೆಂ ತಂದಿದ್ದರು. ತೀರಿಕೊಂಡವರ ಹೆಸರಿನಲ್ಲಿ ಹಂಚುವ ಅಕ್ಕಿಹಿಟ್ಟಿನ ಕಡುಬು ಅದು. ಬು ವುರ್ಯಾನಿ ಗಂಡನ ತೋಳು ಜಗ್ಗಿ, “ಪಾಕ್, ಇವರು ಆಪೆಂ ಯಾಕೆ ತಂದ್ರು?” ಎಂದರು. “ಪ್ರೀತಿಗೆ ತಂದಿರ್ತಾರೆ, ಸುಮ್ನಿರು, ಬೀಗರು ಬಂದ್ರು,” ಎಂದು ಗುನಾದಿಯವರು ಹಲ್ಲು ಕಿರಿಯುತ್ತ ಎದುರು ಹೋದರು. ಅತ್ತೆ ಹೋಗಿ ಏಳು ದಿನಕ್ಕೆ ಈ ನಗು ನೋಡಿ ಹೆಡ್‌ಮಾಸ್ತರು, ದುಃಖ ಮರೆಸಲು ನಗುತ್ತಿದ್ದಾರೆ ಎಂದುಕೊಂಡರು. ಅವರು ಗುನಾದಿಯವರನ್ನು ಬಿಗಿಯಾಗಿ ಅಪ್ಪಿಕೊಂಡರು. ಬೀಗತನ ಗಟ್ಟಿಯಾಯಿತು ಎಂದು ಗುನಾದಿಯವರೂ ಬಿಗಿಯಾಗಿ ಅಪ್ಪಿಕೊಂಡರು.

ಮೋದಿನ್ ಗಂಟಲು ಸರಿಪಡಿಸಿಕೊಂಡು ಮೃತರ ಗುಣಗಾನಕ್ಕೆ ಆರಂಭಿಸಿದರು. ಹೆಸರು ಹೇಳಲಿಲ್ಲ, ಅದು ಪ್ರಾರ್ಥನೆಗೆ ಮೀಸಲು. “ಮನೆಗೆ ಬೆಳಕಾಗಿದ್ದವರು. ಮೃದು ಮಾತಿನವರು. ಯಾರಿಗೂ ನೋವು ಮಾಡಿದವರಲ್ಲ.” ಮಗಳನ್ನು ಇಷ್ಟು ಹೊಗಳುತ್ತಿದ್ದಾರಲ್ಲ ಎಂದು ಗುನಾದಿಯವರು ಬೀಗರತ್ತ ಹೆಮ್ಮೆಯಿಂದ ನೋಡಿದರು. ಬೀಗರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಮೋದಿನ್ ಗುನಾದಿಯವರ ಕಿವಿಯ ಬಳಿ ಬಗ್ಗಿದರು. ಪ್ರಾರ್ಥನೆಯಲ್ಲಿ ತೀರಿಕೊಂಡವರ ಹೆಸರಿನ ಜೊತೆ ಅವರ ತಂದೆಯ ಹೆಸರೂ ಹೇಳಬೇಕು.

“ಪಾಕ್ ಗುನ್, ಎಂಬಾ ರೆಬಿಯ ತಂದೆ ಹೆಸರು?”

“ಅದ್ಯಾಕೆ ಈಗ?”

“ಹೆಸರಿಲ್ದೆ ಅವರ ಆತ್ಮಕ್ಕೆ ಹೇಗೆ ಶಾಂತಿ ಕೋರಲಿ?”

 ಗುನಾದಿಯವರು ಮೊದಲ ಸಲ ಆ ಚಾಪೆಯ ಮೇಲಿನ ಟೋಪಿಗಳನ್ನು ನೋಡಿದರು, ಆಪೆಂ ನೋಡಿದರು, ಬಾಗಿಲಾಚೆಯ ದಿಬ್ಬವನ್ನು ನೋಡಿದರು. 

“ಕಾರ್ಯೊಸೆಂತೊನ,” ಎಂಬ ದನಿ ಬಾಗಿಲಿಂದ ಬಂತು. “ನಮ್ಮಪ್ಪನ ಹೆಸರು ಕಾರ್ಯೊಸೆಂತೊನ. ಯಾಕೆ ಬೇಕಿತ್ತು?”

ಬಟ್ಟೆಗಂಟು ಕಂಕುಳಲ್ಲಿಟ್ಟುಕೊಂಡು, ಎಲೆಯಡಿಕೆ ಅಗಿಯುತ್ತ ಎಂಬಾ ರೆಬಿ ಹೊಸ್ತಿಲಲ್ಲಿ ನಿಂತಿದ್ದರು.

ಬು ಆರ್‌ಟಿ ಸದ್ದಿಲ್ಲದೆ ಎಚ್ಚರ ತಪ್ಪಿ ಆಪೆಂ ಬುಟ್ಟಿಯ ಮೇಲೆ ಒರಗಿದರು. ಇಬ್ಬರು ಗಂಡಸರು ಕಿಟಕಿಯ ಕಡೆ ಓಡಿದರು. ಪಾಕ್ ಆರ್‌ಟಿ ಮಾತ್ರ, ಮೊಹರಿನ ಗಂಡಾಂತರ ತಪ್ಪಿತು ಎಂದು ಜೋರಾಗಿ “ಅಲ್‌ಹಮ್ದುಲಿಲ್ಲಾಹ್!” ಎಂದರು. ಮೋದಿನ್ ಬಗ್ಗಿ ಎಂಬಾ ಅವರ ಪಾದಗಳು ನೆಲಕ್ಕೆ ತಾಗಿವೆಯೇ ಎಂದು ನೋಡಿದರು. ತಾಗಿದ್ದವು, ಕೆಸರೂ ಇತ್ತು. “ಎಂಬಾ!” ಎಂದು ಪಾಲುಪಿ ಓಡಿಹೋಗಿ ತಬ್ಬಿಕೊಂಡಳು.

“ನನಗೆ ಸಿಟ್ಟಿದ್ದದ್ದು ಆ ಕೋಲಿನ ಮೇಲೆ, ನಿನ್ನ ಮೇಲಲ್ಲ,” ಎಂದು ಎಂಬಾ ಅವಳ ಬೆನ್ನು ತಟ್ಟಿದರು. “ಏನಿದು? ಯಾರು ಸತ್ತಿದ್ದು?”

ಮರ್ಯಾದಸ್ಥ ಮಂದಿಯಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಎಂಬಾ ತಾವೇ ತಿರುಗಿ ಅಂಗಳ ನೋಡಿದರು. ಹಲಗೆ, ಕೊಡೆ, ಎಸಳು, ದೇವಕಣಗಿಲೆ. ಮೆಲ್ಲನೆ ಇಳಿದುಹೋಗಿ ದಿಬ್ಬದ ಪಕ್ಕ ನಿಂತು ತಮ್ಮ ಉದ್ದವನ್ನೂ ಅದರ ಉದ್ದವನ್ನೂ ತೂಗಿ ನೋಡಿದರು. ಶಾಮಿಯಾನದ ಕೆಳಗೆ ಜನ ಎದ್ದು ನಿಂತರು. ಈ ಹೆಂಗಸು ಈಗ ಸಿಟ್ಟಾಗಿ ತಿರುಗಿ ಹೊರಟರೆ ನಿಶ್ಚಯವೂ ಇಲ್ಲ, ಮದುವೆಯೂ ಇಲ್ಲ. 

“ನನ್ನನ್ನ ಮಣ್ಣು ಮಾಡಿದ್ದು ಯಾರು?”

ಎಲ್ಲರ ಬೆರಳೂ ಗುನಾದಿಯವರನ್ನು ತೋರಿಸಿದವು.

“ಅಳಿಯಂದಿರಾ? ಒಬ್ಬರೇ?”

“ಆಮೇಲೆ ಆಫೀಸಿಗೆ ಬೇರೆ ಹೋಗಿದ್ರು,” ಎಂದರು ಮೋದಿನ್, ಹಳೆಯ ನೋವು ಮರೆಯದೆ.

“ಅರ್ಧ ದಿನ ರಜಾನೂ ಹಾಕ್ಲಿಲ್ವಾ!” ಎಂಬಾ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. “ಅದೂ ಹೋಗಲಿ. ಇದು ನನಗೆ ಗಿಡ್ಡ. ಕಾಲು ಹೊರಗೆ ಬರುತ್ತೆ. ಅಳತೆ ಇಲಾಖೆಯಲ್ಲಿ ಏನು ಕಲಿತ್ರಿ ನೀವು?”

“ಇಲ್ಲ ಅಮ್ಮ, ಅಳತೆ ಸರಿಯಾಗೇ...” ಎಂದು ಅಭ್ಯಾಸಬಲದಿಂದ ಹೇಳಹೊರಟ ಗುನಾದಿಯವರು ನಾಲಿಗೆ ಕಚ್ಚಿಕೊಂಡರು. ಆಮೇಲೆ ಇಡೀ ಓಣಿಯ ಎದುರು, ಬೀಗರ ಎದುರು, ಕೈಮುಗಿದು, “ತಪ್ಪಾಯ್ತಮ್ಮ,” ಎಂದರು. ಒಂದು ವಾರದಿಂದ ಏಳದ ನಾಲಿಗೆ ಆಗ ಎದ್ದಿತು.

ಎಂಬಾ ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಎಲೆಯಡಿಕೆ ಬಾಯಿಂದ ಬೀಳುವಷ್ಟು ನಗು. ಒಬ್ಬರಿಂದ ಒಬ್ಬರಿಗೆ ಹಬ್ಬಿ ಶಾಮಿಯಾನವೇ ನಕ್ಕಿತು. ಬು ಆರ್‌ಟಿಗೂ ಎಚ್ಚರವಾಯಿತು. ಎಂಬಾ ಒಳಗೆ ಬಂದು ನಡುಚಾಪೆಯಲ್ಲಿ ಕಾಲು ಚಾಚಿ ಕೂತರು.

“ನಿಲ್ಲಿಸಿದ್ದೇಕೆ ಮೋದಿನ್? ನಾನು ಬರೋವಾಗ ಮೃದು ಮಾತಿನವರು ಅಂತಿದ್ರಿ. ಅಲ್ಲಿಂದ ಹೇಳಿ. ಸತ್ತ ಮೇಲೆ ಕೇಳೋಕೆ ಯಾರಿಗೆ ಪುರುಸೊತ್ತಿರುತ್ತೆ.”

ಮೋದಿನ್ ಬೆವರುತ್ತ ಎಲ್ಲವನ್ನೂ ಇನ್ನೊಮ್ಮೆ ಹೇಳಬೇಕಾಯಿತು. ಪಾಕ್ ಆರ್‌ಟಿಯೂ ಎರಡು ಮಾತು ಆಡಿದರು. ಎಂಬಾ ತಮ್ಮ ಹೆಸರಿನ ಆಪೆಂ ಒಂದನ್ನು ಮುರಿದು ಬಾಯಿಗಿಟ್ಟು, “ಉಪ್ಪು ಮರೆತಿದೀಯ,” ಎಂದು ಬು ಆರ್‌ಟಿಗೆ ಹೇಳಿದರು. ಅಷ್ಟರಲ್ಲಿ ಕಂಬದ ಮರೆಯಲ್ಲಿ ತಟ್ಟೆ ಹಿಡಿದು ನಿಂತ ಅಪರಿಚಿತರು ಕಣ್ಣಿಗೆ ಬಿದ್ದರು.

“ನೀವ್ಯಾರು?”

“ಹೆಣ್ಣು ಕೇಳೋಕೆ ಬಂದವರು ಎಂಬಾ,” ಎಂದರು ಪಾಕ್ ಮುರ್ಯಾಂತೊ. “ದಾರೀಲಿ ನಿಮ್ಮ ವಿಷಯ ತಿಳೀತು. ಅದಕ್ಕೇ ಸುಮ್ನೆ ಕೂತ್ವಿ.”

“ಸಾವಿನ ಮನೆ ಅಂತ ತಿಳಿದ ಮೇಲೂ ಒಳಗೆ ಬಂದ್ರಾ?”

“ಬಾಗಿಲತನಕ ಬಂದು ವಾಪಸ್ ಹೋಗೋದು ಹೇಗೆ ಎಂಬಾ?”

ಎಂಬಾ ಮೊಮ್ಮಗಳ ಕಡೆ ತಿರುಗಿದರು. “ಪಾಲುಪಿ, ಹೋಗಿ ತಟ್ಟೆ ತಗೋ. ಶುಭಕ್ಕೆ ಎಲ್ಲರೂ ಬರ್ತಾರೆ. ಇವರು ಸಾವಿಗೂ ಬರೋ ಬೀಗರು. ನಾನು ಬದುಕಿದ್ದು ಸಾರ್ಥಕ ಆಯ್ತು.”

ಆಪೆಂ ಮತ್ತು ವಾಜಿಕ್ ಒಂದೇ ಎಲೆಯಲ್ಲಿ ಬಡಿಸಿದ್ದು ನಮ್ಮ ಓಣಿಯಲ್ಲಿ ಅದೇ ಮೊದಲು. ಮೋದಿನ್ ಅದೇ ಉಸಿರಿನಲ್ಲಿ ನಿಶ್ಚಯದ ದುವಾ ಓದಿದರು.

ಊಟವಾದ ಮೇಲೆ ಎಂಬಾ ಪರೀಕ್ಷೆಯ ತೀರ್ಪು ಕೊಟ್ಟರು. ಅಷ್ಟರಲ್ಲಿ ದಾಸವಾಳದ ತುದಿಯಲ್ಲಿ ಒಂದು ಹಸಿರು ಕಣ್ಣು ಒಡೆದಿತ್ತು. ದೇವಕಣಗಿಲೆ ಕೋಲಿನಂತೆಯೇ ಇತ್ತು.

“ಮನೆ ಮುಂದೆ ಗಿಡ ಇರಲಿ. ಬದುಕಿರೋವರಿಗೆ ದಿನಾ ಹೂ ಬೇಕು. ಈ ಸೋಮಾರಿ ಮರನ ಖಬರಸ್ತಾನಕ್ಕೆ ಒಯ್ದು ನಮ್ಮ ಯಜಮಾನರ ಪಕ್ಕ, ನನಗೆ ಅಂತ ಬಿಟ್ಟಿರೋ ಜಾಗದಲ್ಲಿ ನೆಡಿ. ಅಂಗಳದಲ್ಲಿ ಮಲಗೋ ಆಸೆ ಇನ್ನಿಲ್ಲ, ಇಲ್ಲಿ ಗಲಾಟೆ ಜಾಸ್ತಿ. ಅದು ಹೂ ಬಿಟ್ಟ ದಿನ ನಾನು ಹೊರಡ್ತೀನಿ. ಅಲ್ಲೀತನಕ ಯಾರೂ ಅವಸರ ಮಾಡಬಾರದು. ನೀರು ಹಾಕೋ ಕೆಲಸ ಅಳಿಯಂದಿರದ್ದು.”

ಪಾಲುಪಿಯ ಮದುವೆಯಾಯಿತು. ಅಂಗಳದ ದಾಸವಾಳ ಬೇಲಿಯೆತ್ತರ ಬೆಳೆದು ದಿನಾ ಕೆಂಪಗೆ ಅರಳಿ, ಸಂಜೆಗೆ ಮುದುಡಿ, ಮರುದಿನ ಹಾಜರಾಗುತ್ತಿತ್ತು. ಗುನಾದಿಯವರು ಪ್ರತಿ ಶುಕ್ರವಾರ ಹೂಜಿ ಹಿಡಿದು ಖಬರಸ್ತಾನಕ್ಕೆ ಹೋಗಿ ಬರುತ್ತಿದ್ದರು. ಬಂದ ಕೂಡಲೆ ಎಂಬಾ ಕೇಳುತ್ತಿದ್ದರು, “ಹೂ ಬಿಡ್ತಾ?” ಇಲ್ಲ ಎಂದರೆ, “ನಿಮ್ಮ ಕೈಗುಣ,” ಎನ್ನುತ್ತಿದ್ದರು.

ಒಂದು ಮಳೆಗಾಲ ಕಳೆದು ಇನ್ನೊಂದು ಮುಗಿಯುವ ಹೊತ್ತು. ಅಂದಿನ ಶುಕ್ರವಾರ ಗುನಾದಿಯವರು ಹೂಜಿ ಬಗ್ಗಿಸಿದವರು ಹಾಗೇ ನಿಂತರು. ಕೊಂಬೆಯ ತುದಿಯಲ್ಲಿ, ಎಲೆಗಳ ನಡುವೆ, ಮೊಗ್ಗಿನ ಗೊಂಚಲು. ಈಜುಕೊಳದ ಬಳಿ ಕಂಡದ್ದೇ ಹೂ, ತನ್ನ ಕೈಯಾರೆ ನೆಟ್ಟದ್ದು, ಇನ್ನೆರಡು ದಿನಕ್ಕೆ ಅರಳುವಂಥದ್ದು. ಮೊದಲು ಹಿಗ್ಗಾಯಿತು. ಮರುಕ್ಷಣವೇ, ಅದು ಹೂ ಬಿಟ್ಟ ದಿನ ನಾನು ಹೊರಡ್ತೀನಿ ಎಂಬ ಅತ್ತೆಯ ಮಾತು ನೆನಪಾಯಿತು. ಈ ಅತ್ತೆ ಎಲ್ಲಾದರೂ ಹೋಗಬಾರದೇ ಎಂದು ಅವರು ಬಯಸಿದ ದಿನಗಳು ಬೇಕಾದಷ್ಟಿದ್ದವು. ಅವರು ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ಗೊಂಚಲನ್ನು ಪಟಕ್ಕನೆ ಚಿವುಟಿ ಅಂಗಿಯ ಜೇಬಿಗೆ ಹಾಕಿಕೊಂಡು, ತಕ್ಕಡಿಗೆ ಮೇಣ ಅಂಟಿಸಿದ ವ್ಯಾಪಾರಿಯಂತೆ ಬಿರಬಿರನೆ ಮನೆಗೆ ನಡೆದರು.

“ಹೂ ಬಿಡ್ತಾ?” ಎಂದರು ಎಂಬಾ, ಜಗಲಿಯಲ್ಲಿ ಕೂತು.

“ಎಲ್ಲಿ ಬಿಡುತ್ತಮ್ಮ. ಮೊಂಡು ಮರ. ಇನ್ನೂ ಸುಮಾರು ವರ್ಷ ಬೇಕು.”

ಎಂಬಾ ಅಳಿಯನ ಮುಖ ನೋಡಿದರು. ಆಮೇಲೆ ಜೇಬು ನೋಡಿದರು. ಜೇಬಿನ ಕೆಳಗೆ ಬಿಳಿ ಹಾಲು ಇಳಿದು ಅಂಗಿಗೆ ಅಂಟಿತ್ತು. ಕೈಗುಣದ ಮಾತೆತ್ತಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋಗಿ, ಸಕ್ಕರೆ ಡಬ್ಬಿ ತೆಗೆದು, ಅಳಿಯನ ಕಾಫಿಗೆ ಚಮಚ ತುಂಬ ಗುಡ್ಡೆಯಾಗಿ ಸಕ್ಕರೆ ತೋಡಿದರು. ಬೆರಳು ಸವರಲಿಲ್ಲ. ಸ್ವಲ್ಪ ಯೋಚಿಸಿ ಇನ್ನೊಂದು ಚಮಚವನ್ನೂ ಹಾಗೇ ಸುರಿದರು. ಆ ಕಾಫಿ ಬಾಯಿಗಿಡಲಾಗದಷ್ಟು ಸಿಹಿಯಾಗಿತ್ತು. ಗುನಾದಿಯವರು ಜಗಲಿಯಲ್ಲಿ ಅತ್ತೆಯ ಪಕ್ಕ ಕೂತು, ದಾಸವಾಳವನ್ನು ನೋಡುತ್ತ, ಅದನ್ನು ತಳದವರೆಗೂ ಕುಡಿದರು.